ಪೀಣ್ಯಕ್ಕೆ ಹೊರಟ ಸಮುದ್ರ

ನಗಬಾರದ ಹೊತ್ತಿನಲ್ಲೇ ನಗು ಬರುವಂಥ ಪ್ರಸಂಗಗಳು ನನಗೆ ಒಂದರ ಹಿಂದೊಂದು ಒದಗುತ್ತಲೇ ಇರುತ್ತವೆ. ಮದುವೆ ಮನೆಗೆ ಹೋದರೆ ಏನೂ ಆಗುವುದಿಲ್ಲ, ಊಟ ಮಾಡಿ ಬರುತ್ತೇನೆ. ಸಾವಿನ ಮನೆಗೆ ಹೋದರೆ ಮಾತ್ರ ಯಾರಾದರೂ ಏನಾದರೂ ಅಂದುಬಿಡುತ್ತಾರೆ, ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹಿತ್ತಲಿಗೆ ಓಡಬೇಕು. ಹೋದ ಚಳಿಗಾಲದಲ್ಲಿ ಅತ್ತೆಯನ್ನು ಸಮುದ್ರ ತೋರಿಸಲು ಕರೆದುಕೊಂಡು ಹೋದಾಗಲೂ ಹೀಗೇ ಆಯಿತು.

ಮೊದಲು ನಮ್ಮ ಮನೆಯ ಸಂಗತಿ ಹೇಳಿಬಿಡುತ್ತೇನೆ. ನಾನು ಪೀಣ್ಯ ಎರಡನೇ ಹಂತದ ಒಂದು ಸ್ಪ್ರಿಂಗ್ ಫ್ಯಾಕ್ಟರಿಯಲ್ಲಿ ಚೆಕಿಂಗ್ ಕೆಲಸ ಮಾಡುತ್ತೇನೆ. ಹದಿನೆಂಟು ವರ್ಷದಿಂದ ಸ್ಪ್ರಿಂಗುಗಳನ್ನು ಒತ್ತಿ ನೋಡಿ, ಅಳತೆ ನೋಡಿ, ಸರಿಯಿದ್ದದ್ದು ಈ ಕಡೆ, ಇಲ್ಲದ್ದು ಆ ಕಡೆ. ನಮ್ಮ ಯಜಮಾನರು ಕಂಪನಿ ಬಸ್ಸು ಓಡಿಸುತ್ತಿದ್ದರು. ಒಂದೂವರೆ ವರ್ಷದ ಹಿಂದೆ ಒಂದು ಬೆಳಿಗ್ಗೆ ಬಸ್ಸು ತೊಳೆಯುತ್ತಾ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ನಮಗೆ ಮಕ್ಕಳಿಲ್ಲ. ಉಳಿದವರು ನಾನು ಮತ್ತು ಅತ್ತೆ. ಅತ್ತೆ ಹಾವೇರಿ ಕಡೆಯವರು, ಎಪ್ಪತ್ತಾರು ದಾಟಿದೆ. ಮಗ ಹೋದ ಮೇಲೆ ಅವರು ಒಮ್ಮೆಯೂ ಮಗನ ಹೆಸರೆತ್ತಿದವರಲ್ಲ. ಅಡುಗೆ ಮಾಡುತ್ತಾರೆ, ಲಿಂಗಪೂಜೆ ಮಾಡುತ್ತಾರೆ, ಬಾಗಿಲ ಬಳಿ ಕೂತುಕೊಳ್ಳುತ್ತಾರೆ, ಅಷ್ಟೇ.

ರಾಣೆಬೆನ್ನೂರಿನಲ್ಲಿರುವ ನಾದಿನಿ ವಾರಕ್ಕೊಮ್ಮೆ ಫೋನ್ ಮಾಡಿ ಅವ್ವನನ್ನು ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಳು. ಮಗನೇ ಇಲ್ಲದ ಮೇಲೆ ಸೊಸೆಯ ಹಂಗಿನಲ್ಲಿ ಇರುವುದು ನಾಲ್ಕು ಜನರಿಗೆ ಚೆನ್ನಾಗಿ ಕಾಣುವುದಿಲ್ಲ ಅನ್ನುವುದು ಅವಳ ಮಾತು. ಕೆಟ್ಟ ಮನಸ್ಸಿನವಳಲ್ಲ ಅವಳು. ಅತ್ತೆ ಏನಂತಾರೋ ಅಂತ ನಾನು ಕಾದೆ. ನಾನು ಏನಂತೀನೋ ಅಂತ ಅತ್ತೆ ಕಾದರೋ ಏನೋ. ಕೊನೆಗೆ ಇಬ್ಬರೂ 'ಹೂಂ' ಅಂದೆವು. ನಾದಿನಿ ಬರುವ ಭಾನುವಾರವೂ ಗೊತ್ತಾಯಿತು. ಅತ್ತೆ ಸೀರೆಗಳನ್ನು ಮಡಚಿ ಬ್ಯಾಗಿಗೆ ಇಡುತ್ತಾ, ನನ್ನ ಮುಖ ನೋಡದೆ ಹೇಳಿದರು: "ಅವ ನನಗ ಸಮುದ್ರ ತೋರಿಸ್ತೀನಿ ಅಂದಿದ್ದ. ಇನ್ನ ಯಾರು ತೋರಿಸ್ತಾರ."

ನಾನು ತೋರಿಸ್ತೀನಿ ಅಂದೆ. ನಾನೂ ಸಮುದ್ರ ನೋಡಿದವಳಲ್ಲ.

೧. ಸಮುದ್ರಕ್ಕೆ ಕಾಲಂ ಇಲ್ಲ

ಎರಡು ದಿನದ ರಜೆ ಬೇಕಿತ್ತು. ಸೂಪರ್‌ವೈಸರ್ ಹತ್ತಿರ ಹೋದೆ. ನಮ್ಮ ಸೂಪರ್‌ವೈಸರ್ ಸಜ್ಜನರು, ಆದರೆ ಫಾರಂ ಕಂಡರೆ ದೇವರನ್ನು ಕಂಡಷ್ಟು ಭಕ್ತಿ. ಕಾರಣ ಏನು ಅಂತ ಕೇಳಿದರು. ಸಮುದ್ರ ನೋಡೋಕೆ ಅಂದೆ. ಅವರು ಫಾರಂ ತಿರುಗಿಸಿ ನನಗೆ ತೋರಿಸಿದರು. ಅದರಲ್ಲಿ ಮದುವೆ, ಮರಣ, ಆಸ್ಪತ್ರೆ ಅಂತ ಮೂರೇ ಇತ್ತು. ಸಮುದ್ರಕ್ಕೆ ಕಾಲಂ ಇಲ್ಲಮ್ಮ ಅಂತ ನಿಜವಾಗಿಯೂ ಬೇಸರದಿಂದ ಹೇಳಿದರು.

ಅವರಿಗೆ ನಮ್ಮ ಮನೆಯ ಸ್ಥಿತಿ ಗೊತ್ತಿತ್ತು, ಹೇಗಾದರೂ ಸಹಾಯ ಮಾಡಬೇಕು ಅಂತ ಬಹಳ ಯೋಚಿಸಿದರು. ಆಮೇಲೆ ಪೆನ್ನು ಮರಣದ ಮೇಲಿಟ್ಟು, ತಗ್ಗಿದ ದನಿಯಲ್ಲಿ, ವಯಸ್ಸಾದವರು ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿದರು. ಅತ್ತೆ ಇದ್ದಾರೆ ಅಂದೆ.

"ಅತ್ತೆ ಅಂತ ಬರ್ಕೊಂಡ್ಬಿಡ್ಲಾ?"

"ಅವರು ನನ್ನ ಜೊತೆ ಬರ್ತಿದ್ದಾರೆ ಸಾರ್."

ಅವರು ಪೆನ್ನನ್ನು ಬೆಂಕಿ ತಾಗಿದವರ ಹಾಗೆ ಎತ್ತಿಕೊಂಡರು. ಕೊನೆಗೆ ಮದುವೆಗೆ ಗುರುತು ಹಾಕಿ ಸಹಿ ಮಾಡಿದರು. ಪ್ರವಾಸ ಮುಗಿಸಿ ನಾನು ಸೋಮವಾರ ಕೆಲಸಕ್ಕೆ ಬಂದಾಗ ಚೆಕಿಂಗಿನ ಹೆಂಗಸರೆಲ್ಲ ಸುತ್ತ ಸೇರಿ, ಹುಡುಗಿ ಹೇಗಿದ್ದಾಳೆ ಅಂತ ಕೇಳಿದರು. ಚೆನ್ನಾಗಿದ್ದಾಳೆ, ಸ್ವಲ್ಪ ಉಪ್ಪು ಜಾಸ್ತಿ ಅಂದೆ.

೨. ಒಳಜ್ವರ

ಶುಕ್ರವಾರ ಬೆಳಿಗ್ಗೆ ಯಶವಂತಪುರದಿಂದ ಹೊರಡುವ ಕಾರವಾರದ ರೈಲು. ಉಡುಪಿಯಲ್ಲಿ ಇಳಿದು ಮಲ್ಪೆಗೆ ಹೋಗುವುದು ಅಂತ ನಮ್ಮ ಲೆಕ್ಕಾಚಾರ. ನಮ್ಮ ಎದುರಿಗೆ ಒಬ್ಬ ಯುವಕ ಕೂತಿದ್ದ. ಸಿಂಗಸಂದ್ರದಲ್ಲಿ ರೂಮು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಗೆಳೆಯರೆಲ್ಲ ಮುಂಚೆಯೇ ಮಲ್ಪೆಗೆ ಹೋಗಿದ್ದಾರಂತೆ, ಇವನು ಆಫೀಸಿಗೆ ಜ್ವರ ಅಂತ ಹೇಳಿ ತಪ್ಪಿಸಿಕೊಂಡು ಬಂದಿದ್ದ. ಇದನ್ನು ನನಗೆ ಗುಟ್ಟಾಗಿ ಹೇಳಿ ನಕ್ಕ. ಅತ್ತೆ ಆಗ ಕಿಟಕಿಯ ಆಚೆ ನೋಡುತ್ತಿದ್ದರು, ಅವರಿಗೆ ಕೇಳಿಸಲಿಲ್ಲ.

ಹಾಸನದ ಹತ್ತಿರ ಅವನ ಮ್ಯಾನೇಜರ್ ಫೋನು ಬಂತು. ಅವನು ಇಂಗ್ಲಿಷಿನಲ್ಲಿ, ಸಣ್ಣ ದನಿ ಮಾಡಿಕೊಂಡು, ಫೀವರ್, ಫೀವರ್ ಅಂತ ನಾಲ್ಕೈದು ಸಲ ಅಂದ. ಅತ್ತೆಗೆ ಇಂಗ್ಲಿಷು ಬಾರದು. ಆದರೆ ದವಾಖಾನೆಗೆ ಹೋಗಿ ಹೋಗಿ ಆ ಒಂದು ಪದ ಚೆನ್ನಾಗಿ ಗೊತ್ತು. ತಟ್ಟನೆ ತಿರುಗಿ ಅವನ ಹಣೆ ಮುಟ್ಟಿ ನೋಡಿದರು. ತಣ್ಣಗಿತ್ತು. ಅತ್ತೆಯ ಮುಖ ಗಂಭೀರವಾಯಿತು.

"ಮೈ ತಣ್ಣಗೈತಿ. ಇದು ಒಳಜ್ವರ. ಭಾಳ ಕೆಟ್ಟದ್ದು ಇದು, ತಮ್ಮಾ."

ಅವನು ಫೋನಿನಲ್ಲಿದ್ದ, ಬೇಡ ಅನ್ನುವ ಹಾಗಿರಲಿಲ್ಲ. ಅತ್ತೆ ಚೀಲದಿಂದ ವಿಭೂತಿ ತೆಗೆದು ಅವನ ಹಣೆಗೆ ಮೂರು ಬೆರಳಿನಿಂದ ಎಳೆದರು. ನಾಲ್ಕು ಕಾಳುಮೆಣಸು ಬಾಯಿಗೆ ಹಾಕಿ ಅಗಿ ಅಂದರು. ತಮ್ಮ ಉಣ್ಣೆಯ ಶಾಲನ್ನು ಕತ್ತಿನವರೆಗೂ ಹೊದಿಸಿದರು. ನಾನು ತಡೆಯಬೇಕಿತ್ತು. ಒಂದೂವರೆ ವರ್ಷದಿಂದ ಯಾರನ್ನೂ ಮುಟ್ಟಿ ಮಾತಾಡಿಸದ ಅತ್ತೆ ಅಷ್ಟು ಚುರುಕಾಗಿ ಓಡಾಡುವುದನ್ನು ನೋಡಿ ಸುಮ್ಮನಾದೆ.

ಆ ಮ್ಯಾನೇಜರಿಗೆ ಅನುಮಾನ ಬಂದಿತ್ತೋ ಏನೋ, ಕ್ಯಾಮೆರಾ ಹಾಕು ಅಂದರು. ಅವನು ಹಾಕಿದ. ಕೆಂಪಾಗಿ ನೀರು ಸುರಿಯುವ ಕಣ್ಣು, ಹಣೆ ತುಂಬ ವಿಭೂತಿ, ಶಾಲಿನೊಳಗೆ ಮುದುರಿದ ಮೈ, ನೆತ್ತಿಯ ಮೇಲೆ ಸವರುತ್ತಿರುವ ಸುಕ್ಕುಗಟ್ಟಿದ ಕೈ. ಆಮೇಲೆ ಮ್ಯಾನೇಜರ್ ಅಚ್ಚ ಕನ್ನಡದಲ್ಲಿ, ಅಜ್ಜಿ ಹೇಳಿದ ಹಾಗೆ ಕೇಳು ಗುರು, ಸೋಮವಾರಾನೂ ಬರಬೇಡ ಅಂದು ಫೋನಿಟ್ಟರು.

ಫೋನಿಟ್ಟ ಮೇಲೂ ಅತ್ತೆ ಶಾಲು ತೆಗೆಯಲು ಬಿಡಲಿಲ್ಲ. ಬಾಗಿಲ ಬಳಿ ನಿಂತು ಘಾಟಿಯ ಫೋಟೊ ತೆಗೆಯಬೇಕು ಅಂತಿದ್ದವನು ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೂ ಶಾಲಿನೊಳಗೇ ಬಂದ. ಉಡುಪಿಯಲ್ಲಿ ಇಳಿಯುವಾಗ ಅತ್ತೆ ಅವನಿಂದ ಮಾತು ತೆಗೆದುಕೊಂಡರು, ನೀರಿಗೆ ಇಳಿಯಬಾರದು ಅಂತ. ಮರುದಿನ ಮಲ್ಪೆಯಲ್ಲಿ ಅವನು ಗೆಳೆಯರ ಜೊತೆ ಸೊಂಟದ ಮಟ್ಟ ನೀರಿನಲ್ಲಿದ್ದ. ಅತ್ತೆಯನ್ನು ದೂರದಿಂದ ಕಂಡವನೇ ದಡಕ್ಕೆ ಬಂದು, ಟವೆಲ್ ಹೊದ್ದು, ಎರಡು ಸಲ ಕೆಮ್ಮಿದ.

೩. ಇಬ್ಬರೇ?

ಲಾಡ್ಜಿನ ಮ್ಯಾನೇಜರ್ ರಿಜಿಸ್ಟರ್ ತೆಗೆದು, ನೀವಿಬ್ಬರೂ ಒಬ್ಬರಿಗೊಬ್ಬರು ಎಂತ ಆಗಬೇಕು ಅಂತ ಕೇಳಿದರು. ಅತ್ತೆ ಸೊಸೆ ಅಂದೆ. ಅವರು ನಮ್ಮ ಹಿಂದೆ ಬಗ್ಗಿ ನೋಡಿದರು, ಬೇರೆ ಯಾರಾದರೂ ಬರುತ್ತಿದ್ದಾರಾ ಅಂತ. ಯಾರೂ ಇರಲಿಲ್ಲ.

"ಅತ್ತೆ ಸೊಸೆ ಇಬ್ಬರೇ ಬಂದದ್ದಾ ಮಾರಾಯ್ರೆ? ತಿರುಗಲಿಕ್ಕೆ?"

ಹೌದು ಅಂದೆ. ಅವರು ಒಂದು ಕೋಣೆಯ ಬಾಡಿಗೆಗೆ ಎರಡು ಕೋಣೆ ಕೊಡುತ್ತೇನೆ, ನಿಮಗೂ ಸಮಾಧಾನ, ನಮಗೂ ಸಮಾಧಾನ ಅಂದರು. ಒಂದೇ ಸಾಕು ಅಂದೆವು. ಮಂಚವಾದರೂ ಬೇರೆ ಬೇರೆ ಮಾಡಿಸಿಕೊಡಲಾ ಅಂದರು. ಬೇಡ ಅಂದೆವು. ಬೆಳಿಗ್ಗೆ ನಾವು ಒಟ್ಟಿಗೆ ಕೆಳಗಿಳಿದು ಬಂದಾಗ ಅವರು ಎದ್ದು ನಿಂತು ನೋಡಿದರು. ಅಡುಗೆಯವರನ್ನು ಕರೆದು ತೋರಿಸಿದರು ಕೂಡ.

೪. ರಜೆಯಿಲ್ಲದ ನೌಕರಿ

ಸಮುದ್ರ ಕಂಡಾಗ ಅತ್ತೆ ಕತ್ತಿನಲ್ಲಿದ್ದ ಲಿಂಗದ ಕರಡಿಗೆಯನ್ನು ಎಡಗೈಯ ಮುಷ್ಟಿಯಲ್ಲಿ ಭದ್ರವಾಗಿ ಹಿಡಿದು, ಬಲಗೈಯಲ್ಲಿ ನನ್ನ ತೋಳು ಹಿಡಿದು, ಅಲೆ ಪಾದ ಮುಟ್ಟುವ ಜಾಗದಲ್ಲಿ ನಿಂತರು. ನಾನೂ ನಿಂತೆ. ಈ ಜಾಗದಲ್ಲಿ ಇನ್ನೊಬ್ಬರು ನಿಂತಿರಬೇಕಿತ್ತು ಅಂತ ಇಬ್ಬರಿಗೂ ಅನಿಸಿತ್ತು.

ಬಹಳ ಹೊತ್ತಿನ ಮೇಲೆ ಅತ್ತೆ, ಬೆಳ್ಳಂದೂರಿನಾಗ ನೊರಿ ಇದಕ್ಕಿಂತ ಎತ್ತರ ಇತ್ತು ಅಂದರು. ನನಗೆ ನೆನಪಾಯಿತು. ಹಲವು ವರ್ಷದ ಹಿಂದೆ, ಬೆಳ್ಳಂದೂರು ಕೆರೆಯಲ್ಲಿ ಆಳೆತ್ತರ ನೊರೆ ಏಳುತ್ತಿದ್ದ ಕಾಲದಲ್ಲಿ, ನಮ್ಮ ಯಜಮಾನರು ಖಾಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಅವ್ವನನ್ನು ಕೂರಿಸಿಕೊಂಡು ಆ ದಾರಿಯಲ್ಲಿ ಹೋಗಿದ್ದರು. ಸಮುದ್ರದಲ್ಲೂ ಹೀಗೇ ನೊರೆ ಬರುತ್ತೆ, ಈಗ ಇದನ್ನ ನೋಡಿರು ಅಂದಿದ್ದರಂತೆ. ಪಕ್ಕದಲ್ಲಿ ಚುರುಮುರಿ ಮಾರುತ್ತಿದ್ದ ಹೆಂಗಸು ಇದನ್ನು ಕೇಳಿಸಿಕೊಂಡು, ಬೆಂಗಳೂರಿಗೂ ಸಮುದ್ರ ಬಂದಿದೆಯಾ ಅಂತ ನನ್ನನ್ನು ಕೇಳಿದಳು. ಬಂದಿತ್ತು, ಈಗ ಸ್ವಲ್ಪ ಕಮ್ಮಿ ಆಗಿದೆ ಅಂದೆ.

ಅತ್ತೆ ಇನ್ನೂ ಅಲೆಗಳನ್ನೇ ನೋಡುತ್ತಿದ್ದರು. ಇದು ರಾತ್ರಿ ಹೊತ್ತು ನಿಲ್ಲುತ್ತದೇನು ಅಂತ ಕೇಳಿದರು. ಇಲ್ಲ ಅತ್ತೆ, ಮೂರು ಶಿಫ್ಟೂ ನಡೆಯುತ್ತೆ ಅಂದೆ. ಭಾನುವಾರ? ಭಾನುವಾರಾನೂ ಅಂದೆ. ಆಯುಧಪೂಜೆಗೆ? ಆಗಲೂ ಇಲ್ಲ.

ಅತ್ತೆ ಅಷ್ಟು ದೊಡ್ಡ ಸಮುದ್ರವನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿ, "ಪಾಪ" ಅಂದರು.

೫. ಮಡಕೆ

ಹೊರಡುವ ಮೊದಲು ಅತ್ತೆ ಒಂದು ಸಣ್ಣ ಮಣ್ಣಿನ ಮಡಕೆ ಕೊಂಡರು. ಏಕೆ ಅಂತ ಕೇಳಿದರೆ ಹೇಳಲಿಲ್ಲ. ಬಗ್ಗಿ, ಅಲೆ ತಾನಾಗಿ ಒಳಗೆ ಬರಲಿ ಅಂತ ಕಾದು, ಮಡಕೆ ತುಂಬಿಸಿಕೊಂಡರು. ಬಾಟಲಿಯಲ್ಲಿ ತುಂಬಿಸಿಕೊಳ್ಳೋಣ, ಚೆಲ್ಲುವುದಿಲ್ಲ ಅಂದೆ. ಬಾಟಲಿಯಾಗ ಒಯ್ಯಾಕ ಇದೇನು ಡೀಸೆಲ್ ಏನು ಅಂದರು. ಮೇಲೆ ಬಿಳಿ ಬಟ್ಟೆ ಮುಚ್ಚಿ, ಕತ್ತಿಗೆ ದಾರ ಬಿಗಿದು ಕಟ್ಟಿದ ಮೇಲೆ ಹೇಳಿದರು: "ಅವ ನೋಡಲಿಲ್ಲ. ಅವನ ಮ್ಯಾಲ ಸುರಿಯೂಣು."

ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಪೀಣ್ಯದ ಆಚೆ ನಮ್ಮವರ ರುದ್ರಭೂಮಿಯಲ್ಲಿ ನಮ್ಮ ಯಜಮಾನರ ಸಮಾಧಿ ಇದೆ. ಆಯ್ತು ಅತ್ತೆ ಅಂದೆ.

ಭಾನುವಾರ ಬೆಂಗಳೂರಿಗೆ ವಾಪಸಾಗುವ ರೈಲು. ಅತ್ತೆ ಮಡಕೆಯನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದು ಕೂತರು. ಎದುರಿಗೆ ಒಬ್ಬ ವಯಸ್ಸಾದ ಮೇಷ್ಟ್ರು, ಅವರ ಹೆಂಡತಿ. ಮೇಷ್ಟ್ರು ಮಡಕೆಯನ್ನು ನೋಡಿದರು, ಬಿಳಿ ಬಟ್ಟೆಯನ್ನು ನೋಡಿದರು, ನನ್ನ ಬರಿ ಹಣೆ ನೋಡಿದರು. ಯಾರಮ್ಮ ಅಂತ ಬಹಳ ಮೆಲ್ಲಗೆ ಅತ್ತೆಯನ್ನು ಕೇಳಿದರು. ಈ ನೀರು ಮುಟ್ಟಬೇಕಾದವರು ಯಾರು ಅಂತ ಕೇಳುತ್ತಿದ್ದಾರೆ ಅಂದುಕೊಂಡರು ಅತ್ತೆ.

"ನನ್ನ ಮಗ" ಅಂದರು.

ಮೇಷ್ಟ್ರು ಕಾಲಿನ ಚಪ್ಪಲಿ ಕಳಚಿ ಸೀಟಿನ ಕೆಳಗೆ ತಳ್ಳಿದರು. ಅವರ ಹೆಂಡತಿ ಆಗ ತಾನೇ ಇಡ್ಲಿ ಡಬ್ಬಿ ತೆರೆದಿದ್ದವರು ಸದ್ದಿಲ್ಲದೆ ಮುಚ್ಚಿದರು. ಆಚೆ ಸೀಟಿನಲ್ಲಿ ಮೊಬೈಲ್ ಹಾಡು ನಿಂತಿತು. ಯಾರೋ ಹೆಂಗಸು ಎದ್ದು ಬಂದು, ತನ್ನ ಮುಡಿಯಲ್ಲಿದ್ದ ಮಲ್ಲಿಗೆಯಲ್ಲಿ ಒಂದು ತುಂಡು ಹರಿದು ಮಡಕೆಯ ಮೇಲಿಟ್ಟು ಕಣ್ಣಿಗೆ ಒತ್ತಿಕೊಂಡಳು. ಟಿಕೆಟ್ ನೋಡಲು ಬಂದವರು ನಮ್ಮ ಸೀಟಿನ ಮುಂದೆ ಪೆನ್ನನ್ನು ಜೇಬಿಗಿಟ್ಟು, ಕೈ ಮುಗಿದು, ಟಿಕೆಟ್ ಕೇಳದೆ ಮುಂದೆ ಹೋದರು.

ಅಸ್ಥಿ ಅಂದುಕೊಂಡಿದ್ದಾರೆ ಅಂತ ನನಗೆ ಆಗ ಹೊಳೆಯಿತು. ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ, ಮಗ ಏನು ಮಾಡುತ್ತಿದ್ದರು ಅಂತ ಕೇಳಿದರು, ಅತ್ತೆ ಹೇಳತೊಡಗಿದರು.

ಅವನು ಎಷ್ಟು ತಡವಾಗಿ ಮಾತು ಕಲಿತ, ಕೆಲಸ ಹುಡುಕಿಕೊಂಡು ಹುಬ್ಬಳ್ಳಿಯಲ್ಲಿ ಎಷ್ಟು ದಿನ ಅಲೆದ, ಬಸ್ಸಿನ ಸ್ಟೇರಿಂಗ್ ಹಿಡಿದ ಮೊದಲ ದಿನ ಅವ್ವನಿಗೆ ಹೇಗೆ ಫೋನು ಮಾಡಿದ, ಜೋಳದ ರೊಟ್ಟಿ ಸುಡುವಾಗ ಒಲೆಯ ಪಕ್ಕದಲ್ಲೇ ಕೂತು ಹೇಗೆ ಬಿಸಿಬಿಸಿ ತಿನ್ನುತ್ತಿದ್ದ. ಒಂದೂವರೆ ವರ್ಷದಿಂದ ಬಾಯಿಗೆ ಬಾರದ ಹೆಸರು, ರೈಲು ಸುಬ್ರಹ್ಮಣ್ಯ ಸ್ಟೇಷನ್ ಮುಟ್ಟುವಷ್ಟರಲ್ಲಿ ಎಷ್ಟು ಸಲ ಬಂತೋ. ನನಗೇ ಗೊತ್ತಿಲ್ಲದ ಸಂಗತಿಗಳಿದ್ದವು ಅದರಲ್ಲಿ. ಆ ಮಾತನ್ನು ತಡೆದು, ಅದು ಬರೀ ಉಪ್ಪುನೀರು ಅಂತ ಹೇಳುವ ಧೈರ್ಯ ನನಗಾಗಲಿಲ್ಲ. ತಲೆ ತಗ್ಗಿಸಿ ಕೂತೆ. ನನಗೆ ಅಳು ಬರುತ್ತಿತ್ತು. ಅದರ ಹಿಂದೆಯೇ ನಗುವೂ ಬರುತ್ತಿತ್ತು, ಸೆರಗನ್ನು ಬಾಯಿಗೆ ಅಡ್ಡ ಹಿಡಿದೆ. ಮೇಷ್ಟ್ರ ಹೆಂಡತಿ ನನ್ನ ಬೆನ್ನು ಸವರಿ ಸಮಾಧಾನ ಮಾಡಿದರು.

ರೈಲು ಘಾಟಿ ಹತ್ತುತ್ತಿತ್ತು. ಮೇಷ್ಟ್ರು ಕಣ್ಣೊರೆಸಿಕೊಂಡು, ಶ್ರೀರಂಗಪಟ್ಟಣಕ್ಕೆ ತಾನೇ ಅಮ್ಮಾ ಅಂತ ಕೇಳಿದರು. ಬೆಂಗಳೂರಿನ ಕಡೆಯ ಎಷ್ಟೋ ಜನ ಅಸ್ಥಿ ಬಿಡುವುದು ಅಲ್ಲೇ.

"ಇಲ್ರಿ, ಪೀಣ್ಯಕ್ಕ" ಅಂದರು ಅತ್ತೆ.

ಮೇಷ್ಟ್ರ ಮನಸ್ಸಿನಲ್ಲಿ ಪೀಣ್ಯದ ನಕ್ಷೆಯೇ ಓಡಿರಬೇಕು. ಅಲ್ಲಿ ಹೊಳೆ ಯಾವುದಿದೆ ಅಂತ ಕೇಳಿದರು. ಹೊಳೆ ಎಲ್ಲೈತ್ರಿ, ಬರೀ ಫ್ಯಾಕ್ಟರಿ ಮೋರಿ ಅಂದರು ಅತ್ತೆ. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಹಾಗಾದರೆ ಇದನ್ನು ಏನು ಮಾಡುತ್ತೀರಿ ಅಂದರು.

"ಮಗನ ಮ್ಯಾಲ ಸುರೀತೀನ್ರಿ."

"ಮಗನನ್ನ... ಮಗನ ಮೇಲೆ?"

ಅದೇ ಹೊತ್ತಿಗೆ ರೈಲು ಒಮ್ಮೆ ಜಗ್ಗಿ ನಿಂತಿತು. ಮಡಕೆ ಅತ್ತೆಯ ಕೈ ಜಾರಿತು. ಮೇಷ್ಟ್ರು ತಮ್ಮ ವಯಸ್ಸನ್ನೂ ಮರೆತು ಮುಂದಕ್ಕೆ ಹಾರಿ ಎರಡೂ ಕೈಯಲ್ಲಿ ಹಿಡಿದರು. ಮಡಕೆ ಉಳಿಯಿತು. ಕಟ್ಟಿದ್ದ ಬಟ್ಟೆ ಕಳಚಿ, ಒಳಗಿದ್ದದ್ದು ಅರ್ಧ ಅವರ ಮುಖ, ಎದೆ, ಅಂಗಿಯ ಮೇಲೆಲ್ಲ ಚೆಲ್ಲಿತು. ಅವರು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಮಡಕೆ ಹಿಡಿದುಕೊಂಡೇ ಕಲ್ಲಿನ ಹಾಗೆ ಕೂತರು. ಬೋಗಿಯಲ್ಲಿ ಒಬ್ಬರೂ ಅಲ್ಲಾಡಲಿಲ್ಲ. ಒಂದು ಹನಿ ಮೂಗಿನಿಂದ ಇಳಿದು ತುಟಿಯ ಮೇಲೆ ನಿಂತಿತು. ಅವರ ನಾಲಿಗೆ ಅವರನ್ನು ಕೇಳದೆ ಅದನ್ನು ಮುಟ್ಟಿಬಿಟ್ಟಿತು.

"ಉಪ್ಪು" ಅಂದರು ಮೇಷ್ಟ್ರು, ಕಣ್ಣು ಬಿಡದೆ.

"ಸಮುದ್ರದ ನೀರಲ್ಲೇನ್ರಿ," ಅಂದರು ಅತ್ತೆ. "ಉಪ್ಪು ಇರದ ಏನು ಸಕ್ಕರಿ ಇರ್ತೈತೇನು?"

ಆಗ ನಾನು ಎಲ್ಲವನ್ನೂ ಹೇಳಿದೆ. ಮೊದಲು ನಕ್ಕಿದ್ದು ಮೇಷ್ಟ್ರ ಹೆಂಡತಿ. ಗಂಡನ ಮುಖ ಒರೆಸುತ್ತಾ ಒರೆಸುತ್ತಾ ನಕ್ಕರು. ಮಲ್ಲಿಗೆ ಇಟ್ಟಿದ್ದ ಹೆಂಗಸು ನಕ್ಕಳು. ಆಚೆ ಸೀಟಿನವರೆಲ್ಲ ನಕ್ಕರು. ಜನ ಏನಂದುಕೊಂಡಿದ್ದರು ಅನ್ನುವುದು ಅತ್ತೆಗೆ ನಿಧಾನವಾಗಿ ತಿಳಿಯಿತು, ಆಮೇಲೆ ಅವರೂ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕು, ನಗುತ್ತಲೇ ಬಿಕ್ಕಿ ಅತ್ತರು. ಮಗ ಹೋದ ದಿನವೂ ಅವರು ಹಾಗೆ ಅತ್ತಿರಲಿಲ್ಲ. ನಾನು ಅವರ ಕೈ ಹಿಡಿದುಕೊಂಡೆ. ಇಡ್ಲಿ ಡಬ್ಬಿ ಮತ್ತೆ ತೆರೆಯಿತು, ನಾವು ನಾಲ್ವರೂ ತಿಂದೆವು.

ಸಕಲೇಶಪುರ ದಾಟಿ ಫೋನು ಸಿಗುತ್ತಿದ್ದ ಹಾಗೆ ನಾದಿನಿಯ ಕರೆ ಬಂತು, ಮುಂದಿನ ಭಾನುವಾರ ಎಷ್ಟು ಹೊತ್ತಿಗೆ ಬರಲಿ ಅಂತ ಕೇಳಲು. ಅತ್ತೆ ಫೋನು ಇಸಿದುಕೊಂಡು, ಬರಬ್ಯಾಡ, ನನಗ ಕೆಲಸ ಐತಿ ಅಂದರು. ಈ ವಯಸ್ಸಿನಾಗ ಏನು ಕೆಲಸ ಅಂತ ಅವಳು ಕೇಳಿರಬೇಕು.

"ನಿಮ್ಮಣ್ಣಗ ಸಮುದ್ರದ ನೀರು ತಗೊಂಡು ಹೊಂಟಿದ್ವಿ. ಒಬ್ಬರು ಮಾಸ್ತರು ಅರ್ಧಾ ಮೈಮ್ಯಾಲ ಸುರಕೊಂಡ್ರು. ಬರೂ ವರ್ಷ ಮತ್ತ ಹೋಗಬೇಕು ನಾವು."

ಫೋನು ನನ್ನ ಕೈಗೆ ಬಂತು. ವೈನಿ, ಅವ್ವನ ತಲಿ ಸರಿ ಐತಿಲ್ಲೋ ಅಂತ ನಾದಿನಿ ಗಾಬರಿಯಿಂದ ಕೇಳಿದಳು. ಅಷ್ಟು ತಿಂಗಳಿಂದ ಗಂಟಲಲ್ಲೇ ನಿಂತಿದ್ದ ಮಾತನ್ನು ಆಗ ಹೇಳಿದೆ. ಸರಿಯಾಗೇ ಇದೆ, ಅವರು ನನ್ನ ಜೊತೇನೇ ಇರಲಿ, ನನಗೆ ಅವರು ಬೇಕು ಅಂದೆ. ಅತ್ತೆ ಕಿಟಕಿಯ ಕಡೆ ತಿರುಗಿಕೊಂಡರು. ಆದರೆ ನನ್ನ ಕೈ ಬಿಡಲಿಲ್ಲ.

ಮೇಷ್ಟ್ರು ಇದನ್ನೆಲ್ಲ ಕೇಳಿಸಿಕೊಳ್ಳುತ್ತಾ ಒದ್ದೆ ಅಂಗಿ ಹಿಂಡುತ್ತಿದ್ದರು. ಹಾಸನದಲ್ಲಿ ಇಳಿಯುವ ಮೊದಲು ನನ್ನ ಹತ್ತಿರ ಬಂದು, ತುಂಬ ಮರ್ಯಾದೆಯಿಂದ ಒಂದು ಮಾತು ಕೇಳಿಕೊಂಡರು.

"ಮುಂದಿನ ವರ್ಷ ಯಾವತ್ತು ಹೊರಡ್ತೀರಿ ಅಂತ ಮೊದಲೇ ತಿಳಿಸಿಬಿಡಮ್ಮ. ಆವತ್ತು ನಾವು ಬಸ್ಸಲ್ಲಿ ಹೋಗ್ತೀವಿ."